‘ಮೀಟ್’ ಒಂದು ಕಾಲಕ್ಕೆ ಊಟವಾಗಿತ್ತು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷಿನ ‘ಮೀಟ್’ ಪದದ ಮಾತು ಬಂದಾಗಲೆಲ್ಲ ಜನ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಇಂಗ್ಲಿಷ್ ಎಂ.ಎ. ಓದುವವರು, ಅನುವಾದಕ್ಕೆ ಕೂತ ಗೆಳೆಯರು, ಹೊರದೇಶದಲ್ಲಿರುವ ಸಸ್ಯಾಹಾರಿ ಬಂಧುಗಳು, ಹಳೆಯ ಇಂಗ್ಲಿಷ್ ಬೈಬಲ್ ಓದುವವರು ಮಾತಿನಲ್ಲೂ ಪತ್ರದಲ್ಲೂ ಕೇಳಿದ್ದನ್ನು ಒಂದೆಡೆ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಬಿಟ್ಟಿದ್ದೇನೆ. ಸುಲಭದವು ಮೊದಲು, ಬೇರಿನ ವಿಚಾರ ಆಮೇಲೆ. ಬೇಕಾದದ್ದನ್ನಷ್ಟೇ ಓದಿಕೊಂಡರೂ ಅಡ್ಡಿಯಿಲ್ಲ.

## ಮೊದಮೊದಲ ಪ್ರಶ್ನೆಗಳು

ಮೀಟ್ ಅಂದ್ರೆ ಮಾಂಸ ತಾನೇ? ಅದರಲ್ಲಿ ಹಳೇ ಅರ್ಥ ಅಂತ ಏನಿದೆ?

ಇವತ್ತಿನ ಇಂಗ್ಲಿಷಿನಲ್ಲಿ ಮಾಂಸವೇ, ಅನುಮಾನ ಬೇಡ. ಆದರೆ ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇದೇ ಪದ ‘ಮೆಟೆ’ ಎಂಬ ರೂಪದಲ್ಲಿತ್ತು. ಆಗ ಅದರ ಅರ್ಥ ಆಹಾರ, ತಿನ್ನುವ ಪದಾರ್ಥ. ರೊಟ್ಟಿ, ಗಂಜಿ, ಸೊಪ್ಪು, ಮೊಟ್ಟೆ, ಮೀನು, ಮಾಂಸ ಎಲ್ಲವೂ ‘ಮೆಟೆ’. ಕುಡಿಯುವುದು ಮಾತ್ರ ಅದರಿಂದ ಹೊರಗೆ. ‘ಮೀಟ್ ಅಂಡ್ ಡ್ರಿಂಕ್’ ಎಂಬ ಜೋಡಿಮಾತು ಬಂದದ್ದು ಹೀಗೆಯೇ, ನಾವು ಅನ್ನ-ನೀರು ಎನ್ನುವ ಹಾಗೆ. ದನಕರುಗಳ ಮೇವಿಗೂ ಈ ಪದ ಸಲ್ಲುತ್ತಿತ್ತು. ಹಸಿ ಮೇವಿಗೆ ‘ಗ್ರೀನ್ ಮೀಟ್’ ಎನ್ನುವುದು ಇಂಗ್ಲೆಂಡಿನ ರೈತರಲ್ಲಿ ಬಹುಕಾಲ ಉಳಿದಿತ್ತು.

ಹಾಗಾದ್ರೆ ಆಗಿನವರು ಮಾಂಸಕ್ಕೆ ಏನಂತಿದ್ರು?

‘ಫ್ಲ್ಯಾಶ್’ ಎನ್ನುತ್ತಿದ್ದರು. ಇವತ್ತಿನ ‘ಫ್ಲೆಶ್’ ಅದೇ. ಜರ್ಮನ್ನರು ಈಗಲೂ ಅಂಗಡಿಯಲ್ಲಿ ಮಾಂಸ ಕೇಳುವುದು ‘ಫ್ಲೈಶ್’ ಎಂದೇ.

ಆಗಿನ ಬಳಕೆಯನ್ನು ಹತ್ತಿರದಿಂದ ನೋಡಬೇಕೆಂದರೆ ಈಲ್ಫ್ರಿಕ್ ಎಂಬ ಸನ್ಯಾಸಿ ಬರೆದ ಒಂದು ಪಾಠವಿದೆ. ಕಾಲ ಹತ್ತನೇ ಶತಮಾನದ ಕೊನೆ. ಮಠದ ಹುಡುಗರಿಗೆ ಲ್ಯಾಟಿನ್ ಕಲಿಸಲು ಪ್ರಶ್ನೋತ್ತರದ ರೂಪದಲ್ಲಿ ಬರೆದದ್ದು. ಅದರ ಒಂದು ಪ್ರತಿಯಲ್ಲಿ ಲ್ಯಾಟಿನ್ ಸಾಲುಗಳ ಮೇಲೆ ಇಂಗ್ಲಿಷ್ ಅರ್ಥವನ್ನೂ ಬರೆದಿದ್ದಾರೆ. ಅದರಲ್ಲಿ ರೊಟ್ಟಿ ಸುಡುವವನು ತನ್ನ ಕಸುಬಿನ ಹೆಚ್ಚುಗಾರಿಕೆ ಹೇಳಿಕೊಳ್ಳುತ್ತಾನೆ: ನಾನಿಲ್ಲದಿದ್ದರೆ ಮೇಜೆಲ್ಲ ಬರಿದು, ರೊಟ್ಟಿ ಇಲ್ಲದಿದ್ದರೆ ಯಾವ ‘ಮೆಟೆ’ಯೂ ಓಕರಿಕೆ ತರಿಸುತ್ತದೆ. ಲ್ಯಾಟಿನ್ನಿನಲ್ಲಿ ಆ ಜಾಗದಲ್ಲಿರುವ ಪದ ‘ಸಿಬುಸ್’, ಅಂದರೆ ಆಹಾರ. ಮುಂದೆ ಹುಡುಗನೊಬ್ಬನನ್ನು ‘ಏನು ತಿನ್ನುತ್ತೀ?’ ಎಂದು ಕೇಳುತ್ತಾರೆ. ಬೆತ್ತದ ಕೆಳಗಿರುವ ಮಗು ನಾನು, ಇನ್ನೂ ಮಾಂಸ ತಿನ್ನುತ್ತೇನೆ ಎನ್ನುತ್ತಾನೆ. ಅಲ್ಲಿ ಬರುವ ಪದ ‘ಫ್ಲ್ಯಾಶ್‌ಮೆಟೆ’, ಮಾಂಸದ ಆಹಾರ. ಬೇರೆ ಏನೇನು ಎಂದರೆ ಸೊಪ್ಪು, ಮೊಟ್ಟೆ, ಮೀನು, ಗಿಣ್ಣು (ಚೀಸ್), ಬೆಣ್ಣೆ, ಅವರೆಕಾಳಿನ ಜಾತಿಯ ಕಾಳು ಎಂದು ಪಟ್ಟಿ ಕೊಡುತ್ತಾನೆ. ‘ಮೆಟೆ’ಗೆ ಮಾಂಸ ಎಂಬ ಅರ್ಥ ಆಗಲೇ ಇದ್ದಿದ್ದರೆ ಅದರ ಹಿಂದೆ ‘ಫ್ಲ್ಯಾಶ್’ ಸೇರಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ಈ ಪದದ ಹಳೆಯ ಬದುಕನ್ನು ಇಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಪುಟ ನನಗೆ ಗೊತ್ತಿಲ್ಲ.

ನಮ್ಮೂರಲ್ಲಿ ಹಳೇ ಮಿಠಾಯಿ ಅಂಗಡಿ ಬೋರ್ಡಲ್ಲಿ ‘ಸ್ವೀಟ್‌ಮೀಟ್ ಸ್ಟಾಲ್’ ಅಂತಿದೆ. ಬರೆದವರು ತಪ್ಪು ಬರೆದಿದ್ದಾರಾ?

ಖಂಡಿತ ಇಲ್ಲ. ‘ಸ್ವೀಟ್‌ಮೀಟ್’ ಅಂದರೆ ಸಿಹಿ ತಿನಿಸು. ‘ಮೀಟ್’ನ ಹಳೆಯ ಅರ್ಥ ಈ ಜೋಡಿಪದದಲ್ಲಿ ಹಾಗೇ ನಿಂತುಬಿಟ್ಟಿದೆ. ಇಂಗ್ಲೆಂಡಿನಲ್ಲಿ ಈ ಪದ ಬಹುತೇಕ ಮರೆಯಾಯಿತು, ‘ಸ್ವೀಟ್ಸ್’ ಅದರ ಜಾಗಕ್ಕೆ ಬಂತು. ಭಾರತದ ಇಂಗ್ಲಿಷಿನಲ್ಲಿ ಮಾತ್ರ ಇನ್ನೂ ಜೀವಂತ. ನಮ್ಮ ಕಸ್ಟಮ್ಸ್ ಸುಂಕಪಟ್ಟಿಯಲ್ಲೂ 2106ನೇ ಶೀರ್ಷಿಕೆಯಡಿ ಮಿಠಾಯಿ, ಮಿಷ್ಟಾನ್ನಗಳನ್ನು ‘ಸ್ವೀಟ್ ಮೀಟ್ಸ್’ ಎಂದೇ ಕರೆದಿದ್ದಾರೆ. ಮೈಸೂರು ಪಾಕೂ ಅದರೊಳಗೇ ಬರುತ್ತದೆ.

ಇದರ ಜೊತೆಗೆ ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಹೊರದೇಶದ ಹೋಟೆಲ್ ಮೆನುವಿನಲ್ಲಿ ‘ಸ್ವೀಟ್‌ಬ್ರೆಡ್’ ಎಂದಿದ್ದರೆ ಸಿಹಿ ಬನ್ನು ಎಂದುಕೊಂಡು ತರಿಸಬೇಡಿ. ಅದು ಎಳೆಗರು ಅಥವಾ ಕುರಿಮರಿಯ ಒಳಗಿನ ಗ್ರಂಥಿ. ಸ್ವೀಟ್‌ಮೀಟಿನಲ್ಲಿ ಮಾಂಸವಿಲ್ಲ, ಸ್ವೀಟ್‌ಬ್ರೆಡ್ಡಿನಲ್ಲಿ ಇರುವುದೆಲ್ಲ ಮಾಂಸವೇ.

ನಾನು ಪ್ಯೂರ್ ವೆಜ್. ಲಂಡನ್ನಿನ ಆಫೀಸಲ್ಲಿ ಕ್ರಿಸ್‌ಮಸ್‌ಗೆ ಮಿನ್ಸ್ ಪೈ ಕೊಟ್ರು, ಒಳಗೆ ‘ಮಿನ್ಸ್‌ಮೀಟ್’ ಇದೆ ಅಂದ್ರು. ಅದೂ ಹಳೇ ಅರ್ಥದ ಮೀಟೇನಾ? ತಿನ್ನಬಹುದಾ?

ಇಲ್ಲಿ ಕಥೆ ಬೇರೆ. ಸ್ವೀಟ್‌ಮೀಟಿನ ಹಾಗೆ ಇದರಲ್ಲೂ ‘ಮೀಟ್’ ಎಂದರೆ ಬರೀ ಆಹಾರ ಎಂದು ಹಲವರು ಹೇಳುತ್ತಾರೆ, ಅದು ಸರಿಯಲ್ಲ. ಮಿನ್ಸ್‌ಮೀಟಿನಲ್ಲಿ ಹಿಂದೆ ನಿಜವಾಗಿಯೂ ಕೊಚ್ಚಿದ ಮಾಂಸ ಇರುತ್ತಿತ್ತು, ಅದರ ಜೊತೆಗೆ ಒಣದ್ರಾಕ್ಷಿ, ಮಸಾಲೆ. ಕಾಲ ಕಳೆದಂತೆ ಮಾಂಸ ಬಿಟ್ಟುಹೋಗಿ ಹಣ್ಣು, ಸಕ್ಕರೆ, ಮಸಾಲೆ ಉಳಿದವು. ಆದರೆ ‘ಸೂಯೆಟ್’ ಎಂಬ ಕೊಬ್ಬು ಎಷ್ಟೋ ಕಡೆ ಇನ್ನೂ ಹಾಕುತ್ತಾರೆ. ದನ ಅಥವಾ ಕುರಿಯ ಮೂತ್ರಪಿಂಡದ ಸುತ್ತ ಇರುವ ಗಟ್ಟಿ ಕೊಬ್ಬು ಅದು. ಹಾಗಾಗಿ ಡಬ್ಬಿ ತಿರುಗಿಸಿ ನೋಡಿ. ‘ವೆಜಿಟೇಬಲ್ ಸೂಯೆಟ್’ ಎಂದೋ ಸಸ್ಯಾಹಾರಿಗಳಿಗೆ ಯೋಗ್ಯ ಎಂದೋ ಬರೆದಿದ್ದರೆ ತಿನ್ನಿ. ಮನೆಯಲ್ಲಿ ಮಾಡಿದ್ದಾದರೆ ಮಾಡಿದವರನ್ನೇ ಕೇಳಿ, ಅವರು ಬೇಜಾರು ಮಾಡಿಕೊಳ್ಳುವುದಿಲ್ಲ.

‘ಕೋಕೊನಟ್ ಮೀಟ್’ ಎಂದು ಬರೆದ ಪೊಟ್ಟಣ ನೋಡಿ ಗಾಬರಿಯಾದವರೂ ಇದ್ದಾರೆ. ಅದು ಕೊಬ್ಬರಿ, ಕಾಯಿಯ ಒಳತಿರುಳು, ಅಷ್ಟೇ. ಚಿಪ್ಪಿನೊಳಗಿನ ತಿನ್ನುವ ಭಾಗಕ್ಕೆ ‘ಮೀಟ್’ ಎನ್ನುವುದು ಇಂಗ್ಲಿಷಿನ ಹಳೆಯ ರೂಢಿ.

## ಓದುವವರಿಗೆ, ಅನುವಾದ ಮಾಡುವವರಿಗೆ

ಹಳೇ ಇಂಗ್ಲಿಷ್ ಬೈಬಲ್‌ನಲ್ಲಿ ‘ಮೀಟ್ ಆಫರಿಂಗ್’ ಅಂತ ಬರುತ್ತೆ, ಆದರೆ ಅದರಲ್ಲಿ ಮಾಂಸವೇ ಇಲ್ಲವಲ್ಲ?

ಗಮನಿಸಿ ಓದಿದ್ದೀರಿ. ಯಾಜಕಕಾಂಡದ ಎರಡನೇ ಅಧ್ಯಾಯದಲ್ಲಿ ಬರುವ ಆ ಅರ್ಪಣೆಯಲ್ಲಿ ಇರುವುದು ನಯವಾದ ಹಿಟ್ಟು, ಎಣ್ಣೆ, ಧೂಪ. ಹುಳಿ ಬೆರೆಸಬಾರದು, ಉಪ್ಪು ಹಾಕಲೇಬೇಕು. ಹೀಬ್ರೂ ಮೂಲದಲ್ಲಿ ಅದಕ್ಕೆ ‘ಮಿನ್‌ಹಾ’ ಎನ್ನುತ್ತಾರೆ. ಪ್ರಾಣಿಬಲಿಗಳ ವಿವರ ಬೇರೆ ಅಧ್ಯಾಯಗಳಲ್ಲಿದೆ. 1611ರಲ್ಲಿ ಕಿಂಗ್ ಜೇಮ್ಸ್ ಬೈಬಲ್ ಅಚ್ಚಾದಾಗ ಅದರ ಅನುವಾದಕರಿಗೆ ‘ಮೀಟ್’ ಎಂದರೆ ಆಹಾರವೇ, ಮಾಂಸ ಹೇಳಬೇಕಾದಲ್ಲಿ ಅವರು ‘ಫ್ಲೆಶ್’ ಬಳಸಿದರು. ಓದುಗರ ಇಂಗ್ಲಿಷ್ ಮುಂದೆ ಸಾಗಿತು, ಅಚ್ಚಾದ ಪದ ಅಲ್ಲೇ ನಿಂತಿತು. ಗೊಂದಲ ಎಷ್ಟಾಯಿತೆಂದರೆ 1885ರ ಪರಿಷ್ಕೃತ ಹಳೆಯ ಒಡಂಬಡಿಕೆಯಲ್ಲಿ ಅದನ್ನು ‘ಮೀಲ್ ಆಫರಿಂಗ್’ ಎಂದು ತಿದ್ದಿದರು. ಆ ‘ಮೀಲ್’ ಎಂದರೆ ಹಿಟ್ಟು.

ಇದೇ ಕಣ್ಣಿನಿಂದ ಬೇರೆ ಸಾಲುಗಳನ್ನೂ ನೋಡಿ. ಆದಿಕಾಂಡ 1:29ರಲ್ಲಿ ಬೀಜವಿರುವ ಪೈರು, ಹಣ್ಣಿನ ಮರ ಎಲ್ಲವೂ ಮನುಷ್ಯನಿಗೆ ‘ಮೀಟ್’. ಮತ್ತಾಯ 3:4ರಲ್ಲಿ ಸ್ನಾನಿಕ ಯೋಹಾನನ ‘ಮೀಟ್’ ಮಿಡತೆ ಮತ್ತು ಕಾಡುಜೇನು. ಕೀರ್ತನೆ 42:3ರಲ್ಲಿ ಹಗಲೂ ರಾತ್ರಿ ನನ್ನ ಕಣ್ಣೀರೇ ನನಗೆ ‘ಮೀಟ್’ ಎನ್ನುತ್ತಾನೆ ಕೀರ್ತನಕಾರ. ಅಲ್ಲಿ ಮಾಂಸ ಎಂದು ಓದಿಕೊಂಡರೆ ಆ ಸಾಲಿನ ನೋವೇ ಕೈತಪ್ಪಿಹೋಗುತ್ತದೆ.

ಅನುವಾದ ಮಾಡುವಾಗ ಇಲ್ಲಿ ಮಾಂಸವೋ ಊಟವೋ ಅಂತ ಗೊತ್ತಾಗೋದು ಹೇಗೆ ಸರ್?

ಮೊದಲು ಬರಹದ ಕಾಲ ನೋಡಿ. 1300ಕ್ಕಿಂತ ಹಿಂದಿನದಾದರೆ ಆಹಾರ ಎಂದೇ ಹಿಡಿದು ಹೊರಡಿ. ಅಲ್ಲಿಂದ ಹದಿನೇಳನೇ ಶತಮಾನದವರೆಗಿನದಾದರೆ ಎರಡೂ ಸಾಧ್ಯ, ಸುತ್ತಲಿನ ವಾಕ್ಯವನ್ನೇ ಕೇಳಬೇಕು. ಹತ್ತಿರದಲ್ಲೆಲ್ಲಾದರೂ ‘ಫ್ಲೆಶ್’ ಬೇರೆಯಾಗಿ ಬಂದಿದೆಯೇ? ‘ಮೀಟ್’ ಪಕ್ಕದಲ್ಲಿ ‘ಡ್ರಿಂಕ್’ ಇದೆಯೇ? ತಟ್ಟೆಯಲ್ಲಿರುವುದು ಏನೆಂದು ಲೇಖಕ ಹೇಳಿದ್ದಾನೆಯೇ? ಈ ಮೂರಕ್ಕೆ ಉತ್ತರ ಸಿಕ್ಕರೆ ಬಹುತೇಕ ಕಡೆ ದಾರಿ ಕಾಣುತ್ತದೆ.

ಷೇಕ್ಸ್‌ಪಿಯರ್‌ನ ರೋಮಿಯೋ-ಜೂಲಿಯೆಟ್ ನಾಟಕದಲ್ಲಿ ಮರ್ಕ್ಯುಶಿಯೊ ಗೆಳೆಯನನ್ನು ಛೇಡಿಸುತ್ತ, ಮೊಟ್ಟೆಯ ತುಂಬ ‘ಮೀಟ್’ ಇರುವ ಹಾಗೆ ನಿನ್ನ ತಲೆ ತುಂಬ ಜಗಳ ಎನ್ನುತ್ತಾನೆ. ಇಲ್ಲಿ ಮಾಂಸ ಎಂದು ಬರೆದರೆ ಓದುಗನಿಗೆ ಒಡೆದ ಮೊಟ್ಟೆಯೊಳಗೆ ಮರಿ ಕಂಡಂತಾಗುತ್ತದೆ. ಅವನು ಹೇಳುತ್ತಿರುವುದು ಮೊಟ್ಟೆಯ ಒಳಸಾರ, ಬಿಳಿ ಹಳದಿ ಎರಡೂ ಸೇರಿ. ಅದೇ ಕಾಲದ ‘ವೈಟ್ ಮೀಟ್’ ಇನ್ನೊಂದು ಗುಂಡಿ. ಈಗ ಅದು ಕೋಳಿಮಾಂಸ, ಆಗ ಹಾಲು, ಗಿಣ್ಣು, ಬೆಣ್ಣೆಯಂಥ ಪದಾರ್ಥ.

‘ಒನ್ ಮ್ಯಾನ್ಸ್ ಮೀಟ್ ಈಸ್ ಅನದರ್ ಮ್ಯಾನ್ಸ್ ಪಾಯ್ಸನ್’ ಎಂಬ ಗಾದೆಯನ್ನು ‘ಒಬ್ಬನ ಮಾಂಸ ಇನ್ನೊಬ್ಬನಿಗೆ ವಿಷ’ ಎಂದು ಕನ್ನಡಕ್ಕೆ ತಂದಿರುವುದನ್ನು ನೋಡಿದ್ದೇನೆ. ಓದಿದರೆ ಮೈ ಜುಮ್ಮೆನ್ನುತ್ತದೆ, ಯಾರನ್ನೋ ಕೊಂದು ತಿಂದಂತಿದೆ. ಈ ಮಾತಿನ ಹಿಂದೆ ರೋಮನ್ ಕವಿ ಲುಕ್ರೇಷಿಯಸ್‌ನ ಸಾಲಿದೆ, ಅಲ್ಲೂ ಇರುವುದು ‘ಸಿಬುಸ್’. ಒಬ್ಬರಿಗೆ ಒಗ್ಗುವ ಊಟ ಇನ್ನೊಬ್ಬರಿಗೆ ವಿಷ ಎಂದರೆ ಸಾಕು.

ಇಷ್ಟು ದೊಡ್ಡ ಅರ್ಥ ಇದ್ದ ಪದ ಮಾಂಸಕ್ಕಷ್ಟೇ ಇಳಿದದ್ದು ಯಾವಾಗ, ಯಾಕೆ?

ಮಾಂಸ ಎಂಬ ಕಿರಿದಾದ ಅರ್ಥ 1300ರ ಸುಮಾರಿನಿಂದ ಕಾಣಿಸಿಕೊಳ್ಳುತ್ತದೆ. ಹಳೆಯ ಅರ್ಥ ಕೂಡಲೇ ಸಾಯಲಿಲ್ಲ, ಎರಡೂ ಮೂರ್ನಾಲ್ಕು ಶತಮಾನ ಒಟ್ಟಿಗೆ ಬಾಳಿದವು.

ಕಾರಣ ಒಂದೇ ಎಂದು ಹೇಳುವಂತಿಲ್ಲ, ಮೂರು ಎಳೆಗಳಂತೂ ಕಾಣುತ್ತವೆ. ಹಬ್ಬದೂಟದಲ್ಲಿ ಮಾಂಸವೇ ಮುಖ್ಯವಾದಾಗ ‘ಊಟ’ ಎಂದರೆ ಅದೇ ಎಂಬ ಭಾವ ಬೆಳೆಯುತ್ತದೆ, ಇದು ಒಂದು. ‘ಫೋಡ’ ಎಂಬ ಇನ್ನೊಂದು ಹಳೆಯ ಪದ, ಇವತ್ತಿನ ‘ಫುಡ್’, ಬಳಕೆಯಲ್ಲಿ ಹಬ್ಬುತ್ತ ಹೋಗಿ ಆಹಾರ ಎಂಬ ಸಾಮಾನ್ಯ ಅರ್ಥವನ್ನು ತಾನು ಹೊತ್ತುಕೊಂಡಿತು, ಇದು ಎರಡು. ಮೂರನೆಯದು ನನಗೆ ಹೆಚ್ಚು ಮುಖ್ಯ ಎನಿಸುವುದು: ‘ಫ್ಲೆಶ್’ ಪದ ಚರ್ಚಿನ ಪ್ರವಚನದಲ್ಲಿ ದೇಹ, ದೇಹದ ಆಸೆ, ಪಾಪ ಎಂಬ ಕಡೆಗೆ ವಾಲಿತ್ತು. ಆತ್ಮಕ್ಕೆ ಎದುರಾಗಿ ನಿಲ್ಲಿಸುವ ಪದವನ್ನೇ ಊಟದ ಮೇಜಿನ ಮೇಲೂ ಇಡುವುದು ಕಷ್ಟ. ಆ ಜಾಗ ತೆರವಾಗುತ್ತ ಬಂತು, ‘ಮೀಟ್’ ಅಲ್ಲಿ ಕೂತಿತು.

ಪಕ್ಕದ ಫ್ರೆಂಚಿನಲ್ಲೂ ಇದೇ ನಡೆಯಿತು. ‘ವಿಯಾಂದ್’ ಎಂದರೆ ಈಗ ಮಾಂಸ. ಅದರ ಲ್ಯಾಟಿನ್ ಮೂಲ ‘ವಿವೆಂಡ’, ಬದುಕಲು ಬೇಕಾದದ್ದು. ಹಿಂದೆ ಫ್ರೆಂಚರಿಗೂ ಅದು ಆಹಾರವೇ ಆಗಿತ್ತು. ಇಂಗ್ಲಿಷ್ ಆ ಪದವನ್ನು ಹಳೆಯ ಕಾಲದಲ್ಲೇ ಎರವಲು ಪಡೆದಿದ್ದರಿಂದ ‘ವಯಂಡ್ಸ್’ ಇಂದಿಗೂ ಬಗೆಬಗೆಯ ಭಕ್ಷ್ಯ ಎಂಬ ಅರ್ಥದಲ್ಲೇ ಇದೆ.

ಕನ್ನಡದಲ್ಲಿ ಇಂಥದ್ದು ಆಗಿದೆಯಾ?

ಆಗಿದೆ, ದಿನಕ್ಕೆ ಎರಡು ಹೊತ್ತು ಆ ಪದವನ್ನು ಆಡುತ್ತೇವೆ. ಸಂಸ್ಕೃತದ ‘ಅನ್ನ’ ಹುಟ್ಟಿದ್ದು ತಿನ್ನು ಎಂಬ ಅರ್ಥದ ‘ಅದ್’ ಧಾತುವಿನಿಂದ. ತಿನ್ನುವುದೆಲ್ಲ ಅನ್ನ. ಆದರೆ ಅಡುಗೆಮನೆಯಲ್ಲಿ ‘ಅನ್ನ ಆಯ್ತಾ?’ ಎಂದರೆ ಬೆಂದ ಅಕ್ಕಿ ಮಾತ್ರ. ಹಳೆಯ ಅರ್ಥ ಜೋಡಿಪದಗಳಲ್ಲಿ ಉಳಿದಿದೆ: ಅನ್ನದಾತ, ಅನ್ನದ ಋಣ, ಅನ್ನಪೂರ್ಣೆ, ಅನ್ನನಾಳ. ಜೋಳ ಬೆಳೆದು ರೊಟ್ಟಿ ತಿನ್ನುವ ಬಯಲುಸೀಮೆಯ ರೈತನೂ ಅನ್ನದಾತನೇ, ರಾಗಿಮುದ್ದೆ ಇಳಿಯುವುದೂ ಅನ್ನನಾಳದಲ್ಲೇ. ಇಂಗ್ಲಿಷಿನ ‘ಈಟ್’ ಕೂಡ ಇದೇ ‘ಅದ್’ ಧಾತುವಿನ ಬಳಗದ್ದು. ಅಂದರೆ ಅನ್ನ ಮತ್ತು ಈಟ್ ದೂರದ ನೆಂಟರು.

‘ಮೃಗ’ವೂ ಹೀಗೇ. ಸಂಸ್ಕೃತದಲ್ಲಿ ಅದಕ್ಕೆ ಕಾಡುಪ್ರಾಣಿ, ಜಿಂಕೆ ಎಂಬ ಎರಡೂ ಅರ್ಥ ಇವೆ. ಮೃಗಾಲಯದಲ್ಲಿ ಮೊದಲನೆಯದು, ಮೃಗನಯನಿಯಲ್ಲಿ ಎರಡನೆಯದು. ಇಂಗ್ಲಿಷಿನ ‘ಡಿಯರ್’ ಕೂಡ ಮೊದಲು ಯಾವುದೇ ಪ್ರಾಣಿ. ಕಿಂಗ್ ಲಿಯರ್ ನಾಟಕದಲ್ಲಿ ಇಲಿ, ಹೆಗ್ಗಣಗಳನ್ನು ‘ಸಣ್ಣ ಡಿಯರ್’ ಎಂದು ಕರೆದಿರುವುದು ಅದೇ ಅರ್ಥದಲ್ಲಿ.

ಹಸು ‘ಕೌ’, ಅದರ ಮಾಂಸ ‘ಬೀಫ್’. ಇದು ನಾರ್ಮನ್ ರಾಜರ ಕಾಲದ್ದು ಅಂತಾರೆ, ನಿಜವೇ?

ಬುಡ ನಿಜ, ಮೇಲಿನ ಅಲಂಕಾರ ಹೆಚ್ಚು. 1066ರಲ್ಲಿ ಫ್ರೆಂಚ್ ಆಡುವ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಬೀಫ್, ಪೋರ್ಕ್, ಮಟನ್, ವೀಲ್ ಪದಗಳು ಫ್ರೆಂಚಿನಿಂದ ಬಂದವು. ದನ ಕಾಯುವವರ ಬಾಯಲ್ಲಿ ಇಂಗ್ಲಿಷ್ ಹೆಸರು, ತಿನ್ನುವ ದೊರೆಗಳ ಬಾಯಲ್ಲಿ ಫ್ರೆಂಚ್ ಹೆಸರು ಎಂಬ ವಿವರಣೆ ಮನೆಮಾತಾದದ್ದು ಹೆಚ್ಚಾಗಿ 1819ರ ಕೊನೆಗೆ ಬಂದ ವಾಲ್ಟರ್ ಸ್ಕಾಟ್‌ನ ಐವನ್‌ಹೋ ಕಾದಂಬರಿಯಿಂದ. ಬಳಕೆ ಅಷ್ಟು ಕಟ್ಟುನಿಟ್ಟಾಗಿರಲಿಲ್ಲ. ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ‘ಬೀವ್ಸ್’ ಎಂದರೆ ಜೀವಂತ ದನಗಳು. ಪ್ರಾಣಿಗೊಂದು, ಪದಾರ್ಥಕ್ಕೊಂದು ಎಂಬ ಇಂದಿನ ಗಡಿ ಗಟ್ಟಿಯಾದದ್ದು ನಿಧಾನವಾಗಿ.

## ಬೇರು ಹುಡುಕುವವರಿಗೆ

ಮೀಟ್, ಮಾಂಸ ಎರಡೂ ‘ಮ’ದಿಂದ ಶುರು. ಒಂದೇ ಮೂಲವಾ?

ಅಲ್ಲ. ಇದನ್ನು ಖಚಿತವಾಗಿ ಹೇಳಲು ಗಾಥಿಕ್ ಎಂಬ ಅಳಿದ ಜರ್ಮಾನಿಕ್ ಭಾಷೆ, ಅಂದರೆ ಇಂಗ್ಲಿಷಿನ ಬಳಗದ್ದೇ ಒಂದು ಭಾಷೆ, ನೆರವಾಗುತ್ತದೆ. ಅದರಲ್ಲಿ ಎರಡೂ ಪದ ಅಕ್ಕಪಕ್ಕ ಇವೆ: ‘ಮಾತ್ಸ್’ ಎಂದರೆ ಆಹಾರ, ‘ಮಿಮ್ಜ್’ ಎಂದರೆ ಮಾಂಸ. ನಮ್ಮ ‘ಮಾಂಸ’ದ ಬಳಗ ‘ಮಿಮ್ಜ್’, ಇಂಗ್ಲಿಷ್ ‘ಮೀಟ್’ನ ಬಳಗ ‘ಮಾತ್ಸ್’. ಮಾಂಸದ ನೆಂಟನೊಬ್ಬ ಇಂಗ್ಲಿಷಿನಲ್ಲೂ ಇದ್ದಾನೆ, ಲ್ಯಾಟಿನ್ ದಾರಿಯಿಂದ ಬಂದವನು: ‘ಮೆಂಬರ್’, ಮೊದಲ ಅರ್ಥ ದೇಹದ ಅಂಗ.

ಇನ್ನು ‘ಮೆಟೆ’ಯ ಮೂಲ. ತೇವ, ಜಿಡ್ಡು ಎಂಬ ಅರ್ಥದ ‘ಮದ್’ ಎಂಬ ಪ್ರಾಚೀನ ಧಾತುವಿಗೆ ಅದನ್ನು ಸೇರಿಸುವ ನಿಘಂಟುಕಾರರು ಹಲವರು. ಹಾಗೆ ಸೇರಿಸಿದರೆ ಸಂಸ್ಕೃತದ ‘ಮೇದಸ್’, ಅಂದರೆ ಕನ್ನಡದಲ್ಲಿ ನಾವು ಕೊಬ್ಬಿಗೆ ಬಳಸುವ ‘ಮೇದಸ್ಸು’, ಅದರ ಬಳಗಕ್ಕೆ ಬರುತ್ತದೆ. ಅಳತೆ ಎಂಬ ಅರ್ಥದ ಧಾತುವಿನಿಂದ, ಪಾಲಿಗೆ ಬಂದ ಊಟ ಎಂದು ವಿವರಿಸುವವರೂ ಇದ್ದಾರೆ. ನನ್ನ ಒಲವು ಮೊದಲನೆಯದರ ಕಡೆಗೆ.

ಮಗ ಸ್ಟಾಕ್‌ಹೋಮ್‌ನಲ್ಲಿದ್ದಾನೆ. ಅಲ್ಲಿ ಎಲ್ಲ ಕಡೆ ‘ಮಾತ್’ ಅಂತ ಬರೆದಿರ್ತಾರಂತೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಇದೆ. ಇಂಗ್ಲಿಷ್ ಕಳೆದುಕೊಂಡ ಅರ್ಥವನ್ನು ಸ್ಕ್ಯಾಂಡಿನೇವಿಯಾದವರು ಇಟ್ಟುಕೊಂಡಿದ್ದಾರೆ. ಸ್ವೀಡಿಷ್, ನಾರ್ವೀಜಿಯನ್ ಭಾಷೆಗಳಲ್ಲಿ ‘ಮಾತ್’, ಡೇನಿಷಿನಲ್ಲಿ ‘ಮ್ಯಾಡ್’, ಎಲ್ಲಕ್ಕೂ ಅರ್ಥ ಊಟ, ಆಹಾರ. ನಾರ್ವೆಯ ಶಾಲಾಮಕ್ಕಳು ಚೀಲದಲ್ಲಿ ಒಯ್ಯುವ ಬುತ್ತಿಗೆ ‘ಮಾತ್‌ಪಾಕ್ಕೆ’ ಎನ್ನುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ರೊಟ್ಟಿಯ ಹೋಳುಗಳು.

ಜರ್ಮನ್ನಿನಲ್ಲಿ ಈ ಪದ ಒಂಟಿಯಾಗಿ ಉಳಿದಿಲ್ಲ, ಚಾಕುವಿನ ಹೆಸರಿನಲ್ಲಿ ಅಡಗಿದೆ. ‘ಮೆಸ್ಸರ್’ ಎಂಬುದು ಮೂಲದಲ್ಲಿ ಊಟದ ಕತ್ತಿ ಎಂಬ ಜೋಡಿಪದ, ಸವೆದು ಸವೆದು ಒಂದಾಯಿತು. ಗೆಳೆಯ ಎನ್ನುವ ಇಂಗ್ಲಿಷಿನ ‘ಮೇಟ್’ ಕೂಡ ಉತ್ತರ ಜರ್ಮನಿಯ ಮಾತಿನಿಂದ ಬಂದದ್ದು: ಒಟ್ಟಿಗೆ ಉಣ್ಣುವವನು. ಕ್ಲಾಸ್‌ಮೇಟ್, ರೂಮ್‌ಮೇಟ್ ಎಂದು ದಿನವೂ ಅನ್ನುವಾಗ ಈ ಹಳೆಯ ಊಟದ ಪದವನ್ನೇ ಆಡುತ್ತಿರುತ್ತೇವೆ.

ಭೇಟಿಯಾಗುವ ‘ಮೀಟ್’ ಮತ್ತು ಈ ‘ಮೀಟ್’ ಉಚ್ಚಾರ ಒಂದೇ, ಸ್ಪೆಲ್ಲಿಂಗ್ ಯಾಕೆ ಬೇರೆ?

ಒಂದು ಕಾಲಕ್ಕೆ ಉಚ್ಚಾರವೂ ಬೇರೆಯೇ ಇತ್ತು. ‘ಮೆಟೆ’ಯ ಮೊದಲ ಸ್ವರ ಮಧ್ಯಕಾಲದಲ್ಲಿ ಉದ್ದವಾಗಿ, ಬಾಯಿ ಅಗಲಿಸಿ ಹೇಳುವ ‘ಏ’ ಆಯಿತು. ಅದನ್ನು ತೋರಿಸಲು ಇ-ಎ (ea) ಅಕ್ಷರಗಳು. ಭೇಟಿಯ ಪದದಲ್ಲಿದ್ದ ‘ಏ’ ಬಿಗಿಯಾದದ್ದು, ಅದಕ್ಕೆ ಇ-ಇ (ee). ಮುಂದೆ ಎರಡೂ ಸ್ವರ ಮೇಲೇರುತ್ತ ‘ಈ’ಯಲ್ಲಿ ಕೂಡಿಕೊಂಡವು, ಬರವಣಿಗೆ ಮಾತ್ರ ಹಿಂದಿನದೇ ಉಳಿಯಿತು. ಎರಡು ಪದಗಳಿಗೂ ಮೂಲದಲ್ಲಿ ಸಂಬಂಧವಿಲ್ಲ.

ಲಾರ್ಡ್ ಅಂದ್ರೆ ರೊಟ್ಟಿ ಕಾಯುವವನು ಅಂತ ಎಲ್ಲೋ ಓದಿದೆ. ನಂಬಬಹುದಾ?

ನಂಬಬಹುದು. ಹಳೆಯ ಇಂಗ್ಲಿಷಿನಲ್ಲಿ ರೊಟ್ಟಿಗೆ ‘ಹ್ಲಾಫ್’, ಇವತ್ತಿನ ‘ಲೋಫ್’. ‘ಹ್ಲಾಫ್‌ವೇರ್ಡ್’ ಎಂದರೆ ರೊಟ್ಟಿಯ ಕಾವಲಿನವನು. ಅದು ‘ಹ್ಲಾಫೋರ್ಡ್’ ಆಗಿ ಕೊನೆಗೆ ‘ಲಾರ್ಡ್’ ಆಯಿತು. ‘ಲೇಡಿ’ಯ ಮೂಲರೂಪದಲ್ಲೂ ಮೊದಲ ಅರ್ಧ ರೊಟ್ಟಿಯೇ, ಎರಡನೆಯ ಅರ್ಧ ಹಿಟ್ಟು ನಾದುವವಳು. ಇವರ ಮನೆಯಲ್ಲಿ ಉಂಡು ದುಡಿಯುವ ಆಳಿಗೆ ‘ರೊಟ್ಟಿ ತಿನ್ನುವವನು’ ಎಂಬ ಹೆಸರಿತ್ತು. ಏಳನೇ ಶತಮಾನದ ಆರಂಭದ ಕೆಂಟ್ ದೊರೆ ಈಥೆಲ್‌ಬರ್ಟ್‌ನ ಕಾನೂನಿನಲ್ಲಿ, ಸಾಮಾನ್ಯ ಒಕ್ಕಲಿಗನ ಇಂಥ ಆಳನ್ನು ಕೊಂದವನು 6 ಶಿಲಿಂಗ್ ದಂಡ ತೆರಬೇಕು ಎಂದಿದೆ. ಇಂಗ್ಲಿಷಿನಲ್ಲಿ ಬರೆದ ಕಾನೂನುಗಳಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯದು ಅದು. ಕಾಯುವವನು, ನಾದುವವಳು, ತಿನ್ನುವವನು ಎಂದು ಒಂದು ಇಡೀ ಮನೆತನವನ್ನು ರೊಟ್ಟಿಯ ಸುತ್ತ ಹೆಸರಿಸಿದ್ದಾರೆ, ಇದು ನನಗೆ ಬಹಳ ಹಿಡಿಸುತ್ತದೆ. ಆಗಸ್ಟ್ 1ರ ಸುಗ್ಗಿಹಬ್ಬ ‘ಲ್ಯಾಮಸ್’ ಕೂಡ ಇದೇ ‘ಹ್ಲಾಫ್’ನಿಂದ: ಹೊಸ ಗೋಧಿಯ ರೊಟ್ಟಿಯ ಪೂಜೆ.

ಮೀಟ್ ಅಂದ್ರೆ ಮೂಲದಲ್ಲಿ ಆಹಾರವೇ ಆದ್ದರಿಂದ ಸೋಯಾದಿಂದ ಮಾಡಿದ್ದನ್ನೂ ‘ಮೀಟ್’ ಅಂತ ಮಾರಬಹುದು ಅಂತ ವಾದ ಮಾಡ್ತಾರೆ. ನಿಮ್ಮ ಅಭಿಪ್ರಾಯ?

ಚರಿತ್ರೆ ಸರಿ, ವಾದ ನಿಲ್ಲುವುದಿಲ್ಲ. ಪೊಟ್ಟಣದ ಮೇಲಿನ ಹೆಸರು ಇವತ್ತು ಅಂಗಡಿಗೆ ಬಂದವರಿಗೆ ಅರ್ಥವಾಗಬೇಕು, ಈಲ್ಫ್ರಿಕ್‌ನ ಶಿಷ್ಯರಿಗಲ್ಲ. ಹಳೆಯ ಅರ್ಥವೇ ನ್ಯಾಯ ಎನ್ನುವುದಾದರೆ ‘ಅನ್ನ’ ಎಂದು ಬರೆದ ಡಬ್ಬಿಯಲ್ಲಿ ಉಪ್ಪಿಟ್ಟು ತುಂಬಿ ಕೊಟ್ಟರೂ ನಾವು ಸುಮ್ಮನಿರಬೇಕಾಗುತ್ತದೆ. ಹಾಗೆಂದು ‘ಸೋಯಾ ಮೀಟ್’ ಎಂದು ಹಿಂದೆ ಸೋಯಾ ಸೇರಿಸಿ ಬರೆದರೆ ನನ್ನ ತಕರಾರಿಲ್ಲ. ಇಂಗ್ಲಿಷ್ ಈ ಪದವನ್ನು ಹಾಗೆ ಜೋಡಿಯಾಗಿಯೇ ಬಹಳ ಕಾಲ ಬಳಸಿದೆ, ಓದುವವರೂ ಮೋಸಹೋಗುವುದಿಲ್ಲ. ನಮ್ಮ ದೇಶದಲ್ಲಿ ಕೊಳ್ಳುವವರು ಹೆಸರಿನ ಚರ್ಚೆ ಬದಿಗಿಟ್ಟು, ಚೌಕದೊಳಗಿನ ಹಸಿರು ಚುಕ್ಕೆ ಇದೆಯೇ ಎಂದು ನೋಡಿಕೊಂಡರೆ ಕೆಲಸ ಮುಗಿಯಿತು.